ಮೇಲೆ ಲೋಹ, ನಡುವೆ ವಿಮಾನ

ಬಾಗೇಪಲ್ಲಿ ದಾಟಿ ಆಂಧ್ರದ ನೆಲಕ್ಕೆ ಬಂದ ಕೂಡಲೇ ಸಿಗುವ ಕೊಡಿಕೊಂಡ ಚೆಕ್‌ಪೋಸ್ಟ್ ಲಾರಿಯವರಿಗೆಲ್ಲ ಪರಿಚಿತ ಜಾಗ. ಅದರ ನೆತ್ತಿಯ ಮೇಲೂ ದಾರಿಗಳಿವೆ. ದೇವನಹಳ್ಳಿಯಿಂದ ಹೈದರಾಬಾದಿಗೆ, ದೆಹಲಿಗೆ ಹೊರಟ ವಿಮಾನಗಳು ಹಿಂದೂಪುರ, ಅನಂತಪುರದ ಸೀಮೆಯ ಮೇಲೆ ಎತ್ತರ ಪಡೆಯುತ್ತವೆ. ಅವಕ್ಕಿಂತ ನೂರಾರು ಕಿಲೋಮೀಟರ್ ಮೇಲೆ, ಕೆಲಸ ಮುಗಿಸಿದ ಉಪಗ್ರಹಗಳೂ ರಾಕೆಟ್ಟಿನ ಖಾಲಿ ಹಂತಗಳೂ ಸುತ್ತುತ್ತಿರುತ್ತವೆ. ಕೊಡಿಕೊಂಡವೂ ಶ್ರೀಹರಿಕೋಟಾವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಅಲ್ಲಿಂದ ಏರುವ ರಾಕೆಟ್ ಸಮುದ್ರದತ್ತ ಸಾಗುವುದರಿಂದ ಉಡಾವಣೆಯ ದಿನ ಇಲ್ಲಿಯವರಿಗೆ ಚಿಂತೆಯಿಲ್ಲ. ಆದರೆ ಸಮಭಾಜಕಕ್ಕೆ 14 ಡಿಗ್ರಿಗಿಂತ ಹೆಚ್ಚು ವಾಲಿದ ಕೆಳಕಕ್ಷೆಯಲ್ಲಿರುವ ಯಾವುದೇ ವಸ್ತು, ಅದು ಯಾವ ದೇಶದ್ದೇ ಇರಲಿ, ಒಂದಲ್ಲ ಒಂದು ಸುತ್ತಿನಲ್ಲಿ ಈ ಅಕ್ಷಾಂಶದ ಊರುಗಳ ಮೇಲೆ ಹಾಯುತ್ತದೆ.

ಆಕಾಶದಿಂದ ಬೀಳುವ ಲೋಹಕ್ಕೆ ಈ ಭಾಗದವರು ಮೊದಲು ಹೆದರಿದ್ದು 1979ರಲ್ಲಿ, ಸ್ಕೈಲ್ಯಾಬ್ ಕಾಲಕ್ಕೆ. ಸುಮಾರು 77 ಟನ್ ತೂಕದ ಆ ಅಮೆರಿಕನ್ ನಿಲ್ದಾಣ ಎಲ್ಲಿ ಬೀಳುತ್ತದೆಂದು ಯಾರಿಗೂ ಖಚಿತವಿರಲಿಲ್ಲ. ತೆಲುಗು ಸೀಮೆಯ ಆಗಿನ ಗಾಬರಿಯನ್ನೇ ಇಟ್ಟುಕೊಂಡು 2021ರಲ್ಲಿ ಒಂದು ಸಿನಿಮಾ ಕೂಡ ಬಂತು. ಕೊನೆಗೆ ಜುಲೈ 11ರಂದು ಅದರ ತುಂಡುಗಳು ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಆಸ್ಟ್ರೇಲಿಯಾದಲ್ಲೂ ಬಿದ್ದವು. ಆಗಿನ ಚರ್ಚೆಯೆಲ್ಲ ಊರು, ಮನೆ, ತಲೆಯ ಬಗ್ಗೆ. ನಡುವೆ ಹಾರುವ ವಿಮಾನದ ಮಾತು ಯಾರ ಬಾಯಲ್ಲೂ ಬಂದಂತಿಲ್ಲ.

ಕಾನೂನು ಬರೆದವರು ಮಾತ್ರ ವಿಮಾನವನ್ನು ಮರೆತಿರಲಿಲ್ಲ. 1972ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದದ ಪ್ರಕಾರ ಬಾಹ್ಯಾಕಾಶದ ವಸ್ತುವಿನಿಂದ ಭೂಮಿಯ ಮೇಲಾಗಲಿ, ಹಾರುತ್ತಿರುವ ವಿಮಾನಕ್ಕಾಗಲಿ ಹಾನಿಯಾದರೆ, ತಪ್ಪು ಸಾಬೀತಾಗಬೇಕೆಂದಿಲ್ಲ, ಉಡಾಯಿಸಿದ ದೇಶವೇ ಪರಿಹಾರ ಕೊಡಬೇಕು. 1978ರಲ್ಲಿ ಸೋವಿಯತ್ತರ ಕಾಸ್ಮೋಸ್ 954 ತನ್ನ ಪರಮಾಣು ರಿಯಾಕ್ಟರಿನ ಸಮೇತ ಕೆನಡಾದ ಹಿಮದ ಮೇಲೆ ಚದುರಿಬಿತ್ತು. ಕೆನಡಾ ಸುಮಾರು 60 ಲಕ್ಷ ಡಾಲರ್ ಕೇಳಿತು, ಚೌಕಾಸಿಯಾಗಿ ಕೈಗೆ ಬಂದದ್ದು 30 ಲಕ್ಷ.

ಕಾನೂನಿನಲ್ಲಿದ್ದ ಆ ವಿಮಾನ ಲೆಕ್ಕದ ಪುಸ್ತಕಕ್ಕೆ ಬಂದದ್ದು 2003ರಲ್ಲಿ. ಫೆಬ್ರವರಿ 1ರ ಬೆಳಿಗ್ಗೆ ಕೊಲಂಬಿಯಾ ನೌಕೆ ಟೆಕ್ಸಾಸಿನ ಮೇಲೆ ಛಿದ್ರವಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಆ ದುಃಖದಲ್ಲಿ ಇನ್ನೊಂದು ಸಂಗತಿ ತಡವಾಗಿ ಗಮನಕ್ಕೆ ಬಂತು: ನೌಕೆಯ ತುಂಡುಗಳು ಉದುರುತ್ತಿದ್ದಾಗ ಅದೇ ಆಕಾಶದಲ್ಲಿ ಪ್ರಯಾಣಿಕ ವಿಮಾನಗಳು ಎಂದಿನಂತೆ ಹಾರುತ್ತಿದ್ದವು. ಆಮೇಲೆ ಸಿಕ್ಕ ತುಂಡುಗಳೇ 80 ಸಾವಿರಕ್ಕೂ ಹೆಚ್ಚು. ನೆಲದ ಮೇಲೆ ಒಬ್ಬರಿಗೂ ಗಾಯವಾಗಲಿಲ್ಲ. ಆದರೆ ಅಂದು ಒಂದು ವಾಣಿಜ್ಯ ವಿಮಾನಕ್ಕೆ ತುಂಡು ತಗಲುವ ಸಂಭವ ಕನಿಷ್ಠ ಸಾವಿರಕ್ಕೆ ಒಂದು ಇತ್ತೆಂದು ನಂತರದ ಅಧ್ಯಯನ ಹೇಳಿತು. ವಿಮಾನಯಾನದ ಲೆಕ್ಕದಲ್ಲಿ ಇದು ಗಾಬರಿ ಹುಟ್ಟಿಸುವ ಅಂಕಿ. ಅಲ್ಲಿಂದ ಮುಂದೆ ಅಮೆರಿಕದ ವಿಮಾನಯಾನ ಆಡಳಿತ, ಬೀಳುವ ತುಂಡುಗಳ ಹರಹನ್ನು ತಕ್ಷಣ ಲೆಕ್ಕ ಹಾಕಿ ವಿಮಾನಗಳನ್ನು ದೂರವಿಡುವ ಏರ್ಪಾಡು ಕಟ್ಟತೊಡಗಿತು.

ನೆಲದ ಅಪಾಯಕ್ಕೂ ಆಕಾಶದ ಅಪಾಯಕ್ಕೂ ಅಜಗಜಾಂತರವಿದೆ. ಕೂತ ಮನೆಯ ಮೇಲೆ ಬೀಳುವ ಸಣ್ಣ ಚೂರು ಹೆಂಚು ಒಡೆದು ನಿಂತೀತು. ವಿಮಾನವಾದರೋ ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಹೋಗಿ ತಾನೇ ಆ ಚೂರಿಗೆ ಬಡಿಯುತ್ತದೆ. 300 ಗ್ರಾಂ ತೂಕದ ತುಂಡು ಸಾಕು, ವಿಮಾನ ಉಳಿಯದೆಂದೇ ಸುರಕ್ಷತೆಯ ಲೆಕ್ಕಗಳು ಹಿಡಿಯುತ್ತವೆ. ಇನ್ನು ಹಗುರ ಚೂರುಗಳು ಥಟ್ಟನೆ ಬೀಳುವುದಿಲ್ಲ. 80 ಕಿಲೋಮೀಟರ್ ಎತ್ತರದ ಸುಮಾರಿನಲ್ಲಿ ಒಡೆದದ್ದು ಗಾಳಿಯಲ್ಲಿ ತೇಲುತ್ತ, ಹತ್ತಾರು ನಿಮಿಷಗಳ ನಂತರ ವಿಮಾನಗಳ ಎತ್ತರಕ್ಕೆ ಇಳಿಯಬಹುದು. ಆ ಹೊತ್ತಿಗೆ ಬೆಂಕಿಯ ಗೆರೆ ನೋಡಿದವರು ಮೊಬೈಲು ಜೇಬಿಗೆ ಹಾಕಿ ಮನೆಯೊಳಗೆ ಹೋಗಿರುತ್ತಾರೆ.

ಎಲ್ಲಿ ಬೀಳುತ್ತದೆಂದು ಮೊದಲೇ ಹೇಳಲು ಬಾರದೇ? ಸುಲಭವಲ್ಲ. ಕೆಳಕಕ್ಷೆಯ ವಸ್ತು ನಿಮಿಷಕ್ಕೆ 450 ಕಿಲೋಮೀಟರ್ ಓಡುತ್ತದೆ. ಅಂದರೆ ಅಂದಾಜು ಒಂದೇ ನಿಮಿಷ ತಪ್ಪಿದರೂ ಕೊಡಿಕೊಂಡದ ಬದಲು ಹೈದರಾಬಾದ್ ಆದೀತು. ಸೂರ್ಯನ ಚಟುವಟಿಕೆಗೆ ತಕ್ಕಂತೆ ಮೇಲಿನ ವಾತಾವರಣ ಉಬ್ಬುತ್ತ ಕುಗ್ಗುತ್ತ ಇರುವುದರಿಂದ, ಕೊನೆಯ ಗಂಟೆಗಳಲ್ಲೂ ಅಂದಾಜು ಹತ್ತಾರು ನಿಮಿಷ ಆಚೀಚೆ ಇರುತ್ತದೆ.

2022ರ ನವೆಂಬರ್ 4ರಂದು ಸ್ಪೇನ್ ಇದೇ ಇಕ್ಕಟ್ಟಿಗೆ ಸಿಕ್ಕಿಕೊಂಡಿತು. ಚೀನಾದ ಲಾಂಗ್ ಮಾರ್ಚ್ 5ಬಿ ರಾಕೆಟ್ಟಿನ ಸುಮಾರು 20 ಟನ್ನಿನ ಹಂತ ಲಂಗುಲಗಾಮಿಲ್ಲದೆ ಇಳಿಯುತ್ತಿತ್ತು. ಸ್ಪೇನ್ ತನ್ನ ಆಕಾಶದ ಒಂದು ಪಟ್ಟಿಯನ್ನು ಸುಮಾರು 40 ನಿಮಿಷ ಮುಚ್ಚಿತು, 300ರಷ್ಟು ವಿಮಾನಗಳು ತಡವಾದವು. ಅದೇ ಪಥದ ಕೆಳಗಿದ್ದ ಹಲವು ದೇಶಗಳು ಮುಚ್ಚಲಿಲ್ಲ. ರಾಕೆಟ್ ಬಿದ್ದದ್ದು ಶಾಂತಸಾಗರಕ್ಕೆ. ಸ್ಪೇನನ್ನು ಅತಿ ಜಾಗ್ರತೆಯೆಂದು ಅಣಕಿಸುವುದು ಸುಲಭ, ಆದರೆ ಮುಚ್ಚದವರ ಬಳಿ ಅದಕ್ಕಿಂತ ಒಳ್ಳೆಯ ಲೆಕ್ಕವಿತ್ತೆಂದು ನನಗನ್ನಿಸುವುದಿಲ್ಲ.

ಈ ಘಟನೆ ಸಂಶೋಧನೆಯ ದಿಕ್ಕನ್ನೇ ಬದಲಿಸಿತು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಈವನ್ ರೈಟ್, ಆರನ್ ಬೋಲಿ, ಮೈಕೆಲ್ ಬೈಯರ್ಸ್ 2025ರ ಜನವರಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಿಕ್ಕಿಯ ಸಂಭವಕ್ಕಿಂತ ಆಕಾಶ ಮುಚ್ಚಬೇಕಾಗುವ ಸಂಭವವೇ ಮುಖ್ಯವಾಯಿತು. ವಿಮಾನ ದಟ್ಟಣೆಯ ಪ್ರದೇಶಗಳಲ್ಲಿ ನಿಯಂತ್ರಣವಿಲ್ಲದ ರಾಕೆಟ್ ಹಂತವೊಂದು ಇಳಿದು ಅಡಚಣೆ ತರುವ ಸಾಧ್ಯತೆ ವರ್ಷಕ್ಕೆ ಶೇ. 26. ಪತ್ರಿಕೆಗಳು ಇದನ್ನು ಡಿಕ್ಕಿಯ ಅಂಕಿಯೆಂಬಂತೆ ಹಾಕಿದ್ದೂ ಉಂಟು. ಡಿಕ್ಕಿಯ ಸಂಭವ ತೀರಾ ಚಿಕ್ಕದು. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದ ಯುನೈಟೆಡ್ ವಿಮಾನವೊಂದರ ಗಾಜು 36 ಸಾವಿರ ಅಡಿ ಎತ್ತರದಲ್ಲಿ ಒಡೆದಾಗ ಬಾಹ್ಯಾಕಾಶ ಕಸವೆಂದೇ ಸುದ್ದಿ ಹಬ್ಬಿತು. ತಗಲಿದ್ದು ಹವಾಮಾನದ ಬಲೂನು. ಮುಚ್ಚುವ ಕಾಟವಾದರೋ ನಿಜ: 2025ರಲ್ಲಿ ಸ್ಟಾರ್‌ಶಿಪ್ ಎರಡು ಸಲ ಕೆರಿಬಿಯನ್ ಮೇಲೆ ಸಿಡಿದಾಗ ವಿಮಾನಗಳು ದಾರಿ ಬದಲಿಸಿದವು, ಗಾಳಿಯಲ್ಲೇ ಸುತ್ತು ಹೊಡೆದವು.

ನಮ್ಮ ಕಡೆಯ ಉದಾಹರಣೆಗೆ ದೂರ ಹೋಗಬೇಕಿಲ್ಲ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ದೊಡ್ಡ ಲೋಹದ ಬಳೆಯೊಂದು ಬಿತ್ತು. ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಮೇಲ್ಹಂತದ್ದೆಂದು ತಜ್ಞರು ಗುರುತಿಸಿದರು. ಮರುವರ್ಷ ನಮ್ಮದೇ ಪಿಎಸ್‌ಎಲ್‌ವಿಯ ಮೂರನೇ ಹಂತ ಆಸ್ಟ್ರೇಲಿಯಾದ ಕಡಲತೀರಕ್ಕೆ ತೇಲಿ ಬಂತು. ಬೈಯುವ ಬಾಯಿ ಎರಡೂ ಕಡೆ ಬೇಕು.

ಯಾವ ವಸ್ತು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುವ ಇಸ್ರೋದ ಕೇಂದ್ರ, ಐಎಸ್‌4ಓಎಂ, 2022ರ ಜುಲೈನಲ್ಲಿ ಉದ್ಘಾಟನೆಯಾದದ್ದು ಬೆಂಗಳೂರಿನ ಪೀಣ್ಯದಲ್ಲಿ. ಈ ಸೀಮೆಯ ಮೇಲಿನ ವಿಮಾನಗಳು ಚೆನ್ನೈ ಹಾರಾಟ ಮಾಹಿತಿ ವಲಯಕ್ಕೆ ಸೇರಿವೆ. ಪೀಣ್ಯದ ಅಂದಾಜು ಚೆನ್ನೈಗೆ ಮುಟ್ಟಿ, ವಿಮಾನಯಾನ ಸೂಚನೆಯಾಗಿ, ಪೈಲಟ್ಟಿನ ಕಿವಿಗೆ ಬೀಳುವ ಹೊತ್ತಿಗೆ ಆ ವಸ್ತು ಖಂಡ ದಾಟಿರಬಹುದು. ಹಾಗಾಗಿ ಕೆಳಗೆ ಆಕಾಶ ಮುಚ್ಚುವುದಕ್ಕಿಂತ ಮೇಲಿನದನ್ನು ಹೇಳಿದ ಜಾಗಕ್ಕೆ ಇಳಿಸುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಅದು ಆಗುವ ಮಾತೇ ಎಂದು ಕೇಳುವವರಿಗೆ ಮೇಘಾ-ಟ್ರಾಪಿಕ್ಸ್ ಇದೆ. ಭಾರತ, ಫ್ರಾನ್ಸ್ ಸೇರಿ 2011ರಲ್ಲಿ ಕಳಿಸಿದ ಈ ಸುಮಾರು ಒಂದು ಟನ್ನಿನ ಉಪಗ್ರಹದ ಕಕ್ಷೆಯ ವಾಲು 20 ಡಿಗ್ರಿ. ಉಷ್ಣವಲಯದ ಊರುಗಳ ಮೇಲಷ್ಟೇ ಅದರ ಓಡಾಟ, ಕೊಡಿಕೊಂಡವೂ ಅದರೊಳಗೇ ಬರುತ್ತದೆ. ಹಾಗೇ ಬಿಟ್ಟಿದ್ದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಮೇಲೆಯೇ ಇರುತ್ತಿತ್ತು. ನಿಯಂತ್ರಿಸಿ ಇಳಿಸಲೆಂದು ಕಟ್ಟಿದ್ದಲ್ಲ. ಆದರೂ ಉಳಿದಿದ್ದ ಸುಮಾರು 125 ಕೆ.ಜಿ. ಇಂಧನವನ್ನೇ ಬಳಸಿ, ಹಂತಹಂತವಾಗಿ ಕಕ್ಷೆ ತಗ್ಗಿಸಿ, 2023ರ ಮಾರ್ಚ್ 7ರಂದು ಶಾಂತಸಾಗರದ ನಿರ್ಜನ ಭಾಗದ ಮೇಲೆ ಇಳಿಸಿದರು. 2030ರ ಹೊತ್ತಿಗೆ ದೇಶದ ಎಲ್ಲ ಯಾನಗಳೂ ಕಸ ಉಳಿಸಬಾರದೆಂಬ ಗುರಿಯನ್ನು ಭಾರತ 2024ರಲ್ಲಿ ಘೋಷಿಸಿದೆ. ಇಂಧನವೆಂದರೆ ತೂಕ, ತೂಕವೆಂದರೆ ದುಡ್ಡು. ಆ ದುಡ್ಡು ಯಾರ ಜೇಬಿನಿಂದ ಎಂಬುದು ಇನ್ನೂ ಬಗೆಹರಿದಿಲ್ಲ. 1972ರ ಒಪ್ಪಂದ ವಿಮಾನ ಉರುಳಿದರೆ ಪರಿಹಾರ ಕೊಡಿಸೀತು, ನಾನೂರು ಮೈಲಿ ಸುತ್ತಿ ಬಂದ ವಿಮಾನದ ಇಂಧನದ ಬಿಲ್ಲಿನ ಬಗ್ಗೆ ಅದರಲ್ಲಿ ಸೊಲ್ಲಿಲ್ಲ.