ಕದಲದ ಮನೆ, ಕದಲಿದ ಗಡಿ



ಕಮ್ಮನಹಳ್ಳಿಯಂತಹ ಬಡಾವಣೆಯಲ್ಲಿ ಬೆಳೆದವರಿಗೆ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಗಳನ್ನು ಕೇಳುವುದು ಹೊಸದಲ್ಲ. ಕಾಸರಗೋಡು ಜಿಲ್ಲೆಯ ಮಂಜೇಶ್ವರವೂ ಅಂತಹುದೇ ಬಹುಭಾಷೆಗಳ ಊರು. ಅಲ್ಲಿನ ಒಂದು ಹಳೆಯ ಮನೆಯ ಇತಿಹಾಸವನ್ನು ಇಂದು ತಿಳಿಯೋಣ. ಅದು ರಾಷ್ಟ್ರಕವಿ ಗೋವಿಂದ ಪೈಗಳ ಮನೆ.

ಪೈಗಳು 1883ರ ಮಾರ್ಚ್ 23ರಂದು ತಾಯಿಯ ತವರಾದ ಮಂಜೇಶ್ವರದಲ್ಲಿ ಜನಿಸಿದರು. ಅವರ ಮನೆಮಾತು ಕೊಂಕಣಿ, ಸುತ್ತಲಿನ ಜನರ ಮಾತು ತುಳು, ಕಾವ್ಯದ ಭಾಷೆ ಕನ್ನಡ. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡರು. ವಿದ್ಯಾಭ್ಯಾಸ ಅಲ್ಲಿಗೇ ನಿಂತಿತು. ಮುಂದೆ ಅವರು ಹುದ್ದೆಯನ್ನಾಗಲಿ ನಗರವನ್ನಾಗಲಿ ಅರಸದೆ, ಬಾಳಿನ ಬಹುಭಾಗವನ್ನು ಮಂಜೇಶ್ವರದಲ್ಲೇ ಗ್ರಂಥಗಳ ನಡುವೆ ಕಳೆದರು. ಆದಿಪ್ರಾಸವನ್ನು ಬಿಟ್ಟು ಕನ್ನಡ ಕವಿತೆಗೆ ಹೊಸ ದಾರಿ ತೆರೆದರು. ಪ್ರಾಚೀನ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂಬ ವಿಷಯವಾಗಿ ಸಂಶೋಧನೆ ನಡೆಸಿದರು. 1949ರಲ್ಲಿ ಮದರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತಿತು.

ಆಗ ಮಂಜೇಶ್ವರ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಯೋಚಿಸಿ ನೋಡಿ: ಎಪ್ಪತ್ತಮೂರರ ಹಿರಿಯ ಕವಿ ಮನೆಯ ಹೊಸ್ತಿಲು ದಾಟದೆಯೇ ಬೇರೊಂದು ರಾಜ್ಯದ ನಿವಾಸಿಯಾದರು! ಕಾಸರಗೋಡು ಕರ್ನಾಟಕವನ್ನು ಸೇರಬೇಕೆಂಬ ಅವರ ಹಂಬಲ ಈಡೇರಲಿಲ್ಲ. 1963ರ ಸೆಪ್ಟೆಂಬರ್ 6ರಂದು ಅವರು ನಿಧನರಾದರು. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಮಂಜೇಶ್ವರ ಇರುವುದು ಆ ಭಾಗದಲ್ಲೇ. ಆದರೆ ಆ ಶಿಫಾರಸು ಜಾರಿಗೆ ಬರಲಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಿ. ಕವಿಯ ಗ್ರಂಥಭಂಡಾರ ಉಡುಪಿಯ ಎಂ.ಜಿ.ಎಂ. ಕಾಲೇಜನ್ನು ಸೇರಿತು, ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಹೀಗೆ ಮನೆ ಕೇರಳದಲ್ಲಿ, ಪುಸ್ತಕಗಳು ಕರ್ನಾಟಕದಲ್ಲಿ. ಹಾಗಾದರೆ ಈ ಮನೆಯನ್ನು ಉಳಿಸುವ ಹೊಣೆ ಯಾರದು? ಉತ್ತರವನ್ನು ಎರಡೂ ರಾಜ್ಯಗಳು ಸೇರಿ ಕೊಟ್ಟವು. ಅವುಗಳ ಸಹಕಾರದಿಂದ ಮನೆಯ ಆವರಣದಲ್ಲಿ ಸ್ಮಾರಕವೊಂದು ಎದ್ದು, 2017ರಲ್ಲಿ ಉದ್ಘಾಟನೆಗೊಂಡಿತು. ಕವಿಯ ಮೊದಲ ಸಂಕಲನದ ಹೆಸರಾದ 'ಗಿಳಿವಿಂಡು' ಎಂಬುದೇ ಅದರ ಹೆಸರು.

ಗಡಿಯನ್ನು ಆಡಳಿತ ಎಳೆಯುತ್ತದೆ. ಭಾಷೆಯ ನೆನಪನ್ನು ಉಳಿಸುವವರು ಮಾತ್ರ ಜನರು. ಮಂಗಳೂರಿನಿಂದ ಕಾಸರಗೋಡಿಗೆ ಹೋಗುವಾಗ ಮಂಜೇಶ್ವರ ಸಿಗುತ್ತದೆ. ಒಮ್ಮೆ ಇಳಿದು ಆ ಮನೆಯನ್ನು ನೋಡಿ ಬನ್ನಿ.