ವಂಶಾವಳಿ ಶೋಧ: ಇಂಗ್ಲಿಷ್ ನಾವಿಕ ಮನೆತನಗಳು

ಹಡಗುಯಾನವನ್ನೇ ಕುಲಕಸುಬಾಗಿಸಿಕೊಂಡ ಇಂಗ್ಲಿಷ್ ಮನೆತನಗಳ ಪೀಳಿಗೆಗಳನ್ನು ದಾಖಲೆಗಳಿಂದ ಗುರುತಿಸುವ ಕೆಲಸ. ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ ಮನೆಬಾಗಿಲಿಗೇ ಬಂದು ವಂಶಾವಳಿ ಹೇಳುತ್ತಿದ್ದರು. ಇಂಗ್ಲೆಂಡಿನಲ್ಲಾದರೆ ಕಾಗದವೇ ಗತಿ. ಚರ್ಚು ದಫ್ತರಗಳು 1538ರಿಂದ, ಸರ್ಕಾರಿ ಜನನ-ಮರಣ ನೋಂದಣಿ 1837ರಿಂದ ಶುರು. ಆದರೆ ನಾವಿಕ ಊರಲ್ಲಿ ನಿಲ್ಲುವವನಲ್ಲ. ಕಡಲಲ್ಲಿದ್ದವರನ್ನು 1841ರ ಜನಗಣತಿ ಎಣಿಸಲೇ ಇಲ್ಲ. ಕಪ್ತಾನರ ಅರ್ಹತಾಪತ್ರಗಳಲ್ಲಿ ಹುಟ್ಟೂರು ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಹಡಗು ದಿನಚರಿಗಳು, ಭಾರತದಲ್ಲಿ ಮಣ್ಣಾದವರ ವಿವರದ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಭಾರತದಲ್ಲೇ ಕುಳಿತು ಹುಡುಕುವವರಿಗೆ ದೆಹಲಿಯ ಜನಪಥದಲ್ಲಿ ರಾಷ್ಟ್ರೀಯ ಅಭಿಲೇಖಾಲಯವಿದೆ. 1891ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಸಂಸ್ಥೆ, ಕಂಪನಿ ಆಡಳಿತದ ಪತ್ರವ್ಯವಹಾರದ ಕಣಜ. ಅಪ್ಪ, ಮಗ, ಮೊಮ್ಮಗ ಮೂವರಿಗೂ ಒಂದೇ ಹೆಸರಿದ್ದಾಗ ಉಯಿಲುಗಳನ್ನೇ ಹೆಚ್ಚು ನಂಬಬೇಕು: ಆಸ್ತಿ ಹಂಚುವಾಗ ಸಾಮಾನ್ಯವಾಗಿ ಸಂಬಂಧವನ್ನು ಬಿಡಿಸಿ ಬರೆಯುತ್ತಿದ್ದರು.