ಗಣತಿಯಲ್ಲಿ ಕರಗುವ ಕನ್ನಡಿಗರು

2011ರ ಗಣತಿಯಲ್ಲಿ ಠಾಣೆ 1 ಕೋಟಿ 10 ಲಕ್ಷ ಜನರ ಜಿಲ್ಲೆ, ದೇಶದಲ್ಲೇ ದೊಡ್ಡದು. (ಪಾಲ್ಘರ್ ಬೇರೆಯಾದದ್ದು 2014ರಲ್ಲಿ.) ಹೋಟೆಲು, ಬ್ಯಾಂಕು ಎಂದು ಬಂದ ನಮ್ಮವರು ಕಲ್ಯಾಣ, ಡೊಂಬಿವಲಿಯಲ್ಲಿ ನೆಲೆಸಿದರು, 1970ರಲ್ಲಿ ಸಿಡ್ಕೊ ಹುಟ್ಟಿದ ಮೇಲೆ ವಾಶಿ, ನೆರೂಳಿಗೂ ಹರಡಿದರು.

ಇವರಲ್ಲಿ ಕನ್ನಡಿಗರೆಷ್ಟು? ಗಣತಿಗೆ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆಡಿದ ಮಾತು, ಅದೂ ಒಂದೇ. ನಾನು ಕಂಡ ಸಂಘಗಳಲ್ಲಿ ಠರಾವು, ನಾಟಕ ಎಲ್ಲ ಕನ್ನಡ. ಮನೆಯೊಳಗೆ ಎಷ್ಟೋ ಮಂದಿಗೆ ತುಳು, ಕೊಂಕಣಿ. ಅವರು ಆ ಲೆಕ್ಕಕ್ಕೇ ಸೇರುತ್ತಾರೆ, ಸೇರಬೇಕಾದ್ದೇ. ಎಂಟನೆಯ ಪರಿಚ್ಛೇದದ ಹೊರಗಿರುವ ತುಳುವಿಗೆ ದೇಶದ ಆ 18 ಲಕ್ಷ 46 ಸಾವಿರವೇ ಬಲ. ಆದರೆ ಕನ್ನಡ ಶಾಲೆ ಉಳಿಸಿ ಎಂದು ಮನವಿ ಬರೆಯುವಾಗ ನಮ್ಮ ಸಂಖ್ಯೆ ಸೊರಗಿರುತ್ತದೆ.

ಬಲ್ಲ ಇನ್ನೆರಡು ಭಾಷೆಗಳಿಗೂ ಗಣತಿಯಲ್ಲಿ ಜಾಗವುಂಟು. ಅಲ್ಲಿ ನಾವು ಹಿಂದಿ, ಇಂಗ್ಲಿಷ್ ಬರೆಸಿ ಕೈತೊಳೆದುಕೊಳ್ಳುತ್ತೇವೆ.